ಹಳೇ ವಿನಿಮಯ ದರ ಹುಡುಕೋದು ಹೇಗೆ? ನಮ್ಮ ರೂಪಾಯಿ, ಲಂಕಾ ರೂಪಾಯಿ

ಮೊನ್ನೆ ಬೀರು ಖಾಲಿ ಮಾಡುವಾಗ 5,000 ರೂಪಾಯಿಯ ನೋಟೊಂದು ಸಿಕ್ಕಿತು. ಖುಷಿ ಅರ್ಧ ನಿಮಿಷವೂ ಇರಲಿಲ್ಲ. ನೋಟು ಶ್ರೀಲಂಕಾದ್ದು, 2019ರ ಜನವರಿಯಲ್ಲಿ ಕೊಲಂಬೊಗೆ ಹೋಗಿದ್ದಾಗ ಉಳಿದಿದ್ದು. "ಆಗ ಇದಕ್ಕೆ ನಮ್ಮ ದುಡ್ಡು ಎಷ್ಟು ಕೊಟ್ಟಿದ್ರಿ?" ಎಂದು ಮನೆಯಾಕೆ ಕೇಳಿದಳು. ಮೊಬೈಲ್ ತೆಗೆದರೆ ಇವತ್ತಿನ ದರ ತೋರಿಸಿತು. ಬೇಕಾಗಿದ್ದು ಅವತ್ತಿನದು.

ಡಾಲರ್‌ನ ಹಳೇ ದರವಾದರೆ ಸುಲಭವಾಗಿ ಸಿಗುತ್ತದೆ. ನಮ್ಮಂಥ ಎರಡು ದೇಶಗಳ ನಡುವಿನ ದರಕ್ಕೆ ಸ್ವಲ್ಪ ಕೈಲೆಕ್ಕ ಮಾಡಬೇಕು.

1. ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ

"1991ರಲ್ಲಿ ದರ ಎಷ್ಟಿತ್ತು?" ಅನ್ನೋದು ಅರ್ಧ ಪ್ರಶ್ನೆ. ಆ ವರ್ಷ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ನಮ್ಮ ರೂಪಾಯಿಯ ಅಪಮೌಲ್ಯ ಆಯಿತು. ಡಾಲರಿಗೆ ಸುಮಾರು 21 ರೂಪಾಯಿ ಇದ್ದದ್ದು 26ರ ಹತ್ತಿರ ಹೋಯಿತು. ವರ್ಷದ ಸರಾಸರಿ ಮಾತ್ರ 22.74. ಜೂನ್‌ನಲ್ಲಿ ದುಡ್ಡು ಬದಲಾಯಿಸಿದವನಿಗೂ ಆಗಸ್ಟ್‌ನಲ್ಲಿ ಬದಲಾಯಿಸಿದವನಿಗೂ ಆ ದರ ಸಿಕ್ಕಿಲ್ಲ. ಪ್ರವಾಸದ ಖರ್ಚು, ಮನೆಗೆ ಕಳಿಸಿದ ಹಣ ಇಂಥದ್ದಕ್ಕೆ ಆ ದಿನದ ಅಥವಾ ಆ ತಿಂಗಳ ದರ ಬೇಕು. ವರ್ಷದಿಂದ ವರ್ಷಕ್ಕೆ ಹೋಲಿಸೋದಾದರೆ ಸರಾಸರಿ ಸಾಕು.

2. ನಡುವೆ ಡಾಲರ್ ನಿಲ್ಲಿಸಿ

ನಮ್ಮಲ್ಲಿ ರಿಸರ್ವ್ ಬ್ಯಾಂಕ್ ರೆಫರೆನ್ಸ್ ದರ, ಅಂದರೆ ಎಲ್ಲರೂ ಆಧಾರವಾಗಿ ಹಿಡಿಯುವ ಆ ದಿನದ ದರ, ಕೊಡುತ್ತಿತ್ತು. 2018ರ ಜುಲೈನಿಂದ ಆ ಕೆಲಸ ಎಫ್‌ಬಿಐಎಲ್ (ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಅನ್ನೋ ಸಂಸ್ಥೆ ಮಾಡುತ್ತದೆ. ಅದರಲ್ಲಿ ಡಾಲರ್, ಪೌಂಡ್, ಯೂರೋ, ಯೆನ್ ಇರುತ್ತವೆ, ಲಂಕಾ ರೂಪಾಯಿ ಇರುವುದಿಲ್ಲ. ಹಾಗಾಗಿ ಎರಡೂ ಕಡೆಯ ಡಾಲರ್ ದರ ತಗೊಳ್ಳಿ. ಲಂಕಾದ್ದು ಅಲ್ಲಿನ ಸೆಂಟ್ರಲ್ ಬ್ಯಾಂಕಿನ ಜಾಲತಾಣದಲ್ಲಿ ಸಿಗುತ್ತದೆ. ಹಳೇ ಕಾಲದ್ದು ಬೇಕಿದ್ದರೆ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ 1960ರಿಂದ ವಾರ್ಷಿಕ ಸರಾಸರಿ ಇದೆ. ಒಂದೇ ಮಾತು: ಒಂದು ಕಡೆ ಸರಾಸರಿ, ಇನ್ನೊಂದು ಕಡೆ ತಿಂಗಳ ಕೊನೆಯ ದರ ಹೀಗೆ ಬೆರೆಸಬೇಡಿ.

3. ಭಾಗಿಸಿ

2019ರ ಜನವರಿಯಲ್ಲಿ ಡಾಲರಿಗೆ ಲಂಕಾದಲ್ಲಿ ಸುಮಾರು 182, ನಮ್ಮಲ್ಲಿ ಸುಮಾರು 71. 182ನ್ನು 71ರಿಂದ ಭಾಗಿಸಿದರೆ 2.56. ಅಂದರೆ ನಮ್ಮ ಒಂದು ರೂಪಾಯಿಗೆ ಅವರ ಎರಡೂವರೆ ರೂಪಾಯಿ. ನನ್ನ ನೋಟಿನ ಬೆಲೆ ಆಗ ಸುಮಾರು 1,950 ರೂಪಾಯಿ. ಇದನ್ನೇ ಕ್ರಾಸ್ ರೇಟ್ ಅನ್ನೋದು. ತಿರುಗಾಮುರುಗಾ ಭಾಗಿಸಿದರೆ 0.39 ಬರುತ್ತದೆ. ಅದೂ ತಪ್ಪಲ್ಲ, ಅವರ ಒಂದು ರೂಪಾಯಿಗೆ ನಮ್ಮ 39 ಪೈಸೆ ಅಂತ ಅರ್ಥ. ಯಾವುದು ಯಾವುದಕ್ಕೆ ಅಂತ ಪಕ್ಕದಲ್ಲಿ ಬರೆದಿಡದಿದ್ದರೆ ನಾಳೆ ನೀವೇ ತಲೆ ಕೆರೆದುಕೊಳ್ಳುತ್ತೀರಿ.

4. ಉತ್ತರ ವಿಚಿತ್ರ ಅನ್ನಿಸಿದರೆ ಇತಿಹಾಸ ನೋಡಿ

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. 1965ರ ಲೆಕ್ಕ ಹಾಕಿದರೆ ಸರಿಯಾಗಿ 1 ಬರುತ್ತದೆ. ಎಲ್ಲೋ ತಪ್ಪಾಯಿತು ಅಂದುಕೊಂಡೆ. ತಪ್ಪಿಲ್ಲ. ಆಗ ಭಾರತದ ರೂಪಾಯಿ, ಸಿಲೋನ್ (ಲಂಕಾದ ಆಗಿನ ಹೆಸರು) ರೂಪಾಯಿ ಎರಡೂ ಸಮಸಮ, ಡಾಲರಿಗೆ 4.76. 1966ರ ಜೂನ್ 6ರಂದು ನಮ್ಮ ದರ 7.50ಕ್ಕೆ ಹೋಯಿತು. ರಾತ್ರೋರಾತ್ರಿ ನಮ್ಮ ಒಂದು ರೂಪಾಯಿಗೆ ಸಿಲೋನಿನ 63 ಸೆಂಟ್ ಮಾತ್ರ! ನಮ್ಮ ರೂಪಾಯಿಗಿಂತ ಲಂಕಾದ್ದು ಗಟ್ಟಿಯಾಗಿದ್ದ ಕಾಲ ಒಂದಿತ್ತು ಅಂದರೆ ಈಗಿನವರು ನಂಬಲ್ಲ, ಅಲ್ವಾ? ಮರುವರ್ಷ ನವೆಂಬರಿನಲ್ಲಿ ಅವರೂ 5.95ಕ್ಕೆ ಇಳಿದರು. ಆಗ 79 ಸೆಂಟ್ ಆಯಿತು.

ದೊಡ್ಡ ತಿರುವು 1977ರ ನವೆಂಬರಿನದು. ಲಂಕಾದ ಜೆ.ಆರ್. ಜಯವರ್ಧನೆ ಸರ್ಕಾರ ಆರ್ಥಿಕತೆಯ ಬಾಗಿಲು ತೆರೆಯಿತು, ರೂಪಾಯಿಯನ್ನು ತೇಲಲು ಬಿಟ್ಟಿತು, ಅಂದರೆ ದರವನ್ನು ಕಟ್ಟಿಡದೆ ಪೇಟೆಗೆ ಬಿಟ್ಟಿತು. ದರ ಡಾಲರಿಗೆ 16ರ ಆಸುಪಾಸು ಹೋಯಿತು. ಅಲ್ಲಿಂದ ನಮ್ಮ ರೂಪಾಯಿಯ ಕೈ ಮೇಲಾಯಿತು. ಆದರೂ ಅದು ಒಂದೇ ದಾರಿಯಲ್ಲಿ ಏರಿದ್ದಲ್ಲ. 1990ರ ಸರಾಸರಿ ತೆಗೆದರೆ 2.29, 1992ರದ್ದು 1.69. ಈ ಸಲ ಬಿದ್ದದ್ದು ನಮ್ಮ ರೂಪಾಯಿ, ಅದೇ 1991ರ ಏಟು.

ಆಮೇಲೆ 2022. ವರ್ಷದ ಶುರುವಿನಲ್ಲಿ ಲಂಕಾದಲ್ಲಿ ಡಾಲರ್ 200ರ ಹತ್ತಿರ ಇತ್ತು. ಮಾರ್ಚ್‌ನಲ್ಲಿ ಕಟ್ಟು ಸಡಿಲ ಬಿಟ್ಟರು, ಮೇ ಮಧ್ಯಕ್ಕೆ 360. ನಮ್ಮದು ಆಗ 77ರಿಂದ 78. ಬೀರುವಿನಲ್ಲಿ ಸುಮ್ನೆ ಮಲಗಿದ್ದ ನನ್ನ ನೋಟು 1,950ರಿಂದ ಸಾವಿರದ ಚಿಲ್ಲರೆಗೆ ಇಳಿದಿತ್ತು.

5. ಸರ್ಕಾರಿ ದರವೇ ನಿಜವಾದ ದರವೇ?

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಮ್ಯಾನ್ಮಾರ್ ನೋಡಿ. 2011ರ ಅಧಿಕೃತ ಪಟ್ಟಿಯಲ್ಲಿ ಡಾಲರಿಗೆ ಐದೂವರೆ ಕ್ಯಾಟ್ (ಅಲ್ಲಿನ ಕರೆನ್ಸಿ) ಕೂಡ ಇಲ್ಲ. ಭಾಗಿಸಿದರೆ ಒಂದು ಕ್ಯಾಟ್‌ಗೆ ನಮ್ಮ ಎಂಟೂವರೆ ರೂಪಾಯಿ! ಆ ದರ ಕಾಗದದಲ್ಲಿತ್ತು, ಪೇಟೆಯಲ್ಲಿ ಇರಲಿಲ್ಲ. 2012ರ ಏಪ್ರಿಲ್ 1ರಿಂದ ದರ ಸಡಿಲಿಸಿದಾಗ ಡಾಲರಿಗೆ 818 ಅಂತ ಇಟ್ಟರು. ಆ ಲೆಕ್ಕದಲ್ಲಿ ನಮ್ಮ ಒಂದು ರೂಪಾಯಿಗೇ ಸುಮಾರು 16 ಕ್ಯಾಟ್.

ಲಂಕಾದಲ್ಲೂ 1968ರಿಂದ 1977ರವರೆಗೆ ಎರಡು ದರ ಇದ್ದವು. ಕೆಲವು ಅಗತ್ಯ ಆಮದುಗಳಿಗೆ ಒಂದು, ಉಳಿದವಕ್ಕೆ ಮೇಲೆ ಪ್ರೀಮಿಯಂ ಸೇರಿಸಿದ ಇನ್ನೊಂದು. 2022ರ ಶುರುವಿನಲ್ಲೂ ಅಷ್ಟೇ. ಬ್ಯಾಂಕಿಗಿಂತ ಜಾಸ್ತಿ ಕೊಡುವ 'ಉಂಡಿಯಲ್' ದಾರಿಯಲ್ಲಿ, ಅಂದರೆ ಅಲ್ಲಿನ ಹವಾಲಾದಲ್ಲಿ, ಹೊರದೇಶದ ದುಡಿಮೆ ಮನೆ ಸೇರುತ್ತಿತ್ತು. ಒಂದು ದೇಶದ ದರ ವರ್ಷಗಟ್ಟಲೆ ಕದಲದೆ ಇದ್ದು ಒಮ್ಮೆಲೇ ಎಗರಿದ್ದರೆ, ಎಗರುವ ಮುಂಚಿನ ಅಂಕಿಯನ್ನು ಅನುಮಾನದಿಂದಲೇ ನೋಡಿ.

6. ಕೈಗೆ ಸಿಗುವುದು ಬೇರೆ

ಪಟ್ಟಿಯಲ್ಲಿ ಇರುವುದು ಸಾಮಾನ್ಯವಾಗಿ ಕೊಳ್ಳುವ, ಮಾರುವ ದರಗಳ ನಡುವಿನ ಅಂಕಿ. ಕೌಂಟರಿನಲ್ಲಿ ಅದು ಸಿಗಲ್ಲ. ಮನಿ ಚೇಂಜರ್ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಅಪರೂಪದ ಕರೆನ್ಸಿಯಾದರೆ ಇನ್ನೂ ಜಾಸ್ತಿ. ಹಳೇ ರಸೀದಿ ಇದ್ದರೆ ಅದರಷ್ಟು ಒಳ್ಳೇ ದಾಖಲೆ ಇನ್ನೊಂದಿಲ್ಲ. ನಾನಂತೂ ಇಟ್ಟುಕೊಂಡಿರಲಿಲ್ಲ.

ಲೆಕ್ಕ ಎಲ್ಲಾ ಮುಗಿದ ಮೇಲೆ ನೋಟು ತಗೊಂಡು ಮನೆ ಹತ್ತಿರದ ಮನಿ ಚೇಂಜರ್ ಬಳಿ ಹೋದೆ. ನೋಟನ್ನು ಬೆಳಕಿಗೆ ಹಿಡಿದು ನೋಡಿದ, ವಾಪಸ್ ಕೊಟ್ಟ. "ಒಂದು ನೋಟಿಗೆಲ್ಲಾ ಬಿಲ್ ಮಾಡಕ್ಕಾಗಲ್ಲ ಸಾರ್, ಇನ್ನೊಂದ್ಸಲ ಕೊಲಂಬೊಗೆ ಹೋಗಿ ಖರ್ಚು ಮಾಡಿ" ಅಂದ. ನೋಟು ಮತ್ತೆ ಬೀರು ಸೇರಿದೆ. ಜೊತೆಗೆ ಪಿನ್ ಮಾಡಿದ ಚೀಟಿ: '2019 ಜನವರಿ, ತಿಂಗಳ ಅಂದಾಜು, ನಮ್ಮ 1ಕ್ಕೆ ಅವರ 2.56'.