ಏರಿಯಾದಲ್ಲಿ ಒಂದು ತಮಟೆ ತಂಡ ಕಟ್ಟುವುದು ಹೇಗೆ

ಮೊದಲು ತಮಟೆ ಕೊಳ್ಳಲು ಹೋಗಬೇಡಿ. ನಿಮ್ಮ ಗಲ್ಲಿಯಲ್ಲಿ ಈಗಾಗಲೇ ಬಾರಿಸುವವರು ಯಾರಿದ್ದಾರೆ ಅಂತ ವಿಚಾರಿಸಿ. ಬೆಂಗಳೂರಿನ ಸ್ಲಮ್ಮುಗಳಲ್ಲಿ ಸಾವಿಗೆ, ಜಾತ್ರೆಗೆ, ಗಣೇಶನ ಮೆರವಣಿಗೆಗೆ ತಮಟೆ ಹೊಡೆದ ಒಬ್ಬ ತಾತನೋ ಚಿಕ್ಕಪ್ಪನೋ ಹುಡುಕಿದರೆ ಸಿಕ್ಕೇ ಸಿಗುತ್ತಾರೆ. ಹೊರಗಿನಿಂದ ಮೇಷ್ಟ್ರನ್ನು ಕರೆಸುವ ಮುಂಚೆ ಅವರ ಮನೆಗೆ ಹೋಗಿ. ಕಲಿಸಿದ್ದಕ್ಕೆ ದುಡ್ಡು ಕೊಡಿ. ನಾನು ಶ್ರೀರಾಮಪುರದ ಕಡೆ ಹುಡುಗ ಹುಡುಗಿಯರಿಗೆ ತಮಟೆ ಹೇಳಿಕೊಡುತ್ತೇನೆ. ನಮ್ಮ ತಂಡ ಶುರುವಾದದ್ದೂ ಇಂಥ ಒಬ್ಬ ತಾತನಿಂದಲೇ.

ಆಮೇಲೆ ಅಮ್ಮಂದಿರ ಹತ್ತಿರ ಮಾತಾಡಿ. ಇದನ್ನು ಮಾತ್ರ ಬಿಡಬೇಡಿ. "ಹೆಣದ ಮುಂದೆ ಬಾರಿಸೋದು ತಪ್ಪಲಿ ಅಂತಾನೇ ಮಗನ್ನ ಐಟಿಐಗೆ ಹಾಕಿದೀನಿ. ನೀನು ಮತ್ತೆ ಅದನ್ನೇ ಅವನ ಕೈಗೆ ಕೊಡ್ತೀಯಲ್ಲಪ್ಪಾ" ಅಂತ ಒಬ್ಬ ಅಕ್ಕ ನನ್ನನ್ನು ಕೇಳಿದರು. ಅವರ ಮಾತು ನ್ಯಾಯವಾದದ್ದೇ. ಜಾತಿಯ ಹೆಸರಲ್ಲಿ ತಲೆತಲಾಂತರದಿಂದ ಬಿಟ್ಟಿ ಬಾರಿಸಿಕೊಂಡ ನೋವು ಅದು. ವಾದಕ್ಕೆ ಇಳಿಯಬೇಡಿ, ತಂಡದ ನಿಯಮ ಹೇಳಿ. ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳೂ ಬರಬಹುದು. ಬಂದವರೆಲ್ಲ ತಮಟೆ ಹೊರಬೇಕು, ಕಾಯಿಸಬೇಕು. ಯಾರೂ ಪುಗಸಟ್ಟೆ ಬಾರಿಸುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಅವರು ಬಾರಿಸುವ ವಿಡಿಯೊ ಮೊಬೈಲಲ್ಲಿ ತೋರಿಸಿ. ನೂರು ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಹುಡುಗರು ಡೆಲಿವರಿ, ಗ್ಯಾರೇಜು ಅಂತ ಓಡಾಡುತ್ತಿರುತ್ತಾರೆ, ಹುಡುಗಿಯರಿಗೆ ಗಾರ್ಮೆಂಟ್ಸ್ ಜೊತೆಗೆ ಮನೆಕೆಲಸ. ಹಾಗಾಗಿ ಭಾನುವಾರ ಮಧ್ಯಾಹ್ನವೇ ಒಳ್ಳೆಯದು. ಕತ್ತಲಾಗುವ ಮುಂಚೆ ಮುಗಿಸಿದರೆ ಹುಡುಗಿಯರು ತಪ್ಪದೆ ಬರುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಪ್ರಾಕ್ಟೀಸು ಬೇಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಬಾರಿಸಲು ಕಾನೂನೂ ಬಿಡುವುದಿಲ್ಲ.

ಮೊದಲ ಪಾಠ ಕಾಯಿಸುವುದು. ಚರ್ಮದ ತಮಟೆ ತಂಪಿಗೆ ಸಡಿಲವಾಗಿ 'ದಬ್' ಅನ್ನುತ್ತದೆ. ಒಣಹುಲ್ಲೋ ರಟ್ಟಿನ ಚೂರೋ ಹಾಕಿ ಸಣ್ಣ ಉರಿ ಮಾಡಿ. ಚರ್ಮದ ಮುಖವನ್ನು ಉರಿಯ ಕಡೆ ಹಿಡಿದು ತಿರುಗಿಸುತ್ತಲೇ ಇರಿ. ನಿಲ್ಲಿಸಿದರೆ ಆ ಜಾಗ ಸುಟ್ಟು ಬಿರಿಯುತ್ತದೆ. ನಡುನಡುವೆ ಬೆರಳಲ್ಲಿ ತಟ್ಟಿ ನೋಡಿ. 'ಟಣ್' ಅಂದ ಕೂಡಲೇ ಆಚೆ ತೆಗೆಯಿರಿ. ಎಂಥ ತುಂಟ ಹುಡುಗನೂ ಈ ಹೊತ್ತಲ್ಲಿ ಮೊಬೈಲ್ ಜೇಬಿಗಿಟ್ಟು ಕಿವಿ ಕೊಟ್ಟು ಕೂರುತ್ತಾನೆ. ನನಗೆ ಅದನ್ನು ನೋಡುವುದೇ ಖುಷಿ. ಮಳೆಗಾಲಕ್ಕೆ ಫೈಬರ್ ತಮಟೆ ಇಟ್ಟುಕೊಳ್ಳಿ, ಆದರೆ ಕಲಿಯುವುದು ಚರ್ಮದ ಮೇಲೇ ಆಗಲಿ.

ಬಲಗೈಗೆ ಗಿಡ್ಡ ದಪ್ಪ ಕೋಲು, ಎಡಗೈಗೆ ಉದ್ದನೆಯ ತೆಳು ಬಿದಿರ ಕಡ್ಡಿ. ಏಟು ಮೊದಲು ಬಾಯಲ್ಲಿ ಬರಲಿ, ಆಮೇಲೆ ಕಾಲಲ್ಲಿ, ಕೊನೆಗೆ ಕೈಯಲ್ಲಿ. 'ಡಂಕಣಕ' ಅಂತ ಹೇಳುತ್ತಾ ಹೆಜ್ಜೆ ಹಾಕಲು ಬಂದರೆ ಅರ್ಧ ಕಲಿತ ಹಾಗೆ.

ಕೈ ಕೂಡಿದ ಮೇಲೆ ಹಾಡು ಕಟ್ಟಿಸಿ. 1970ರ ದಶಕದಲ್ಲಿ ದಲಿತ ಚಳವಳಿಯವರು ಹಾಡು ಕಟ್ಟಿಕೊಂಡೇ ಊರೂರು ಸುತ್ತಿದ್ದರು. ನಿಮ್ಮ ಮಕ್ಕಳು ರ‍್ಯಾಪ್ ಬೇಕು ಅಂದರೆ ರ‍್ಯಾಪೇ ಆಗಲಿ, ತಮಟೆಗೆ ಚೆನ್ನಾಗಿ ಕೂರುತ್ತದೆ. ಬಾರದ ನೀರಿನ ಟ್ಯಾಂಕರ್, ಸಿಗದ ಹಕ್ಕುಪತ್ರ, ಅಡ್ರೆಸ್ ಕೇಳಿ ಕೆಲಸ ಕೊಡದವರು, ಸರಕು ಬೇಕಾದಷ್ಟಿದೆ. ಕನ್ನಡ, ತಮಿಳು, ತೆಲುಗು, ದಖನಿ ಎಲ್ಲ ಬೆರೆಯಲಿ, ಅವರು ಮಾತಾಡುವುದೇ ಹಾಗೆ ಅಲ್ವಾ? ಸಾಲು ನೀವು ತಿದ್ದಬೇಡಿ.

ದುಡ್ಡಿನ ವಿಷಯ ಮಾತ್ರ ಬಿಗಿಯಾಗಿರಲಿ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಗಣೇಶನ ಹಬ್ಬ, ನವೆಂಬರಿನ ರಾಜ್ಯೋತ್ಸವ, ಇವು ಸೀಸನ್ನು. ಅರ್ಧ ಅಡ್ವಾನ್ಸ್ ಬಂದ ಮೇಲೆಯೇ ಡೇಟ್ ಕೊಡಿ. ಬ್ಯಾಂಕ್ ಖಾತೆ ತಂಡದ ಇಬ್ಬರ ಹೆಸರಲ್ಲಿರಲಿ, ಅದರಲ್ಲಿ ಒಬ್ಬಳು ಹುಡುಗಿ. ನಿಮ್ಮ ಹೆಸರು ಬೇಡ. ಬಂದದ್ದನ್ನು ಸಮನಾಗಿ ಹಂಚಿ, ಒಂದು ಪಾಲು ತಮಟೆ ರಿಪೇರಿಗೆ ಇಡಿ. ಲೆಕ್ಕದ ಪುಸ್ತಕ ಯಾರು ಕೇಳಿದರೂ ತೋರಿಸುವಂತಿರಲಿ. ಕೂಲಿ ಬದಲು ಎಣ್ಣೆ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಬುಕಿಂಗ್ ಮಾಡುವಾಗಲೇ ಊಟದ ಮಾತೂ ಆಡಿಬಿಡಿ. ನಮ್ಮ ಹುಡುಗರು ಎಲ್ಲರ ಜೊತೆ ಪಂಕ್ತಿಯಲ್ಲೇ ಕೂತು ಊಟ ಮಾಡುತ್ತಾರೆ ಅಂತ ಹೇಳಿ. ಹಿಂದುಗಡೆ ಪೊಟ್ಟಣ ಕೊಡುತ್ತೇವೆ ಅಂದರೆ ಅಡ್ವಾನ್ಸ್ ವಾಪಸ್ ಮಾಡಿ.