ಮುಚ್ಚಿಗೆ ಹಾಕಿಸುವ ಮುನ್ನ ಮೃದಂಗದ ಬಾಯಿ ನೋಡಿ
ತುಮಕೂರಿನ ಮೃದಂಗ ಬಳಗದವರಿಗೆ: ಹೊಸ ಮುಚ್ಚಿಗೆ (ಬಾಯಿಗೆ ಬಿಗಿಯುವ ಚರ್ಮದ ಹೊದಿಕೆ) ಹಾಕಿಸುವ ಮುನ್ನ, ಚರ್ಮ ಬಿಚ್ಚಿದ ಬರಿಯ ಮರವನ್ನು ಸಮತಟ್ಟಾದ ಗ್ರಾನೈಟ್ ಕಲ್ಲಿನ ಮೇಲೆ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಮೇಲಿನ ಬಾಯಿಂದ ಮೊಬೈಲ್ ಟಾರ್ಚ್ ಬಿಡಿ. ಅಂಚಿನಡಿಯಿಂದ ಬೆಳಕು ಸೋರಿದ ಕಡೆ ಮರ ತಗ್ಗಿದೆ ಎಂದರ್ಥ. ಚರ್ಮಕ್ಕೆ ಆಸರೆ ಆ ಅಂಚೇ. ಅದು ಏರುಪೇರಾಗಿದ್ದರೆ ಎಳೆತ ಒಂದೇ ಸಮನಾಗದು, ಶ್ರುತಿ ಮಾಡುವ ಗುಂಡುಕಲ್ಲಿನಿಂದ ಎಷ್ಟು ತಟ್ಟಿದರೂ ಸುತ್ತಲೂ ಒಂದೇ ಶ್ರುತಿ ಕೂಡದು. ಕಲ್ಲಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ, ಬಾಯನ್ನು ಸುತ್ತಿಸಿ ಉಜ್ಜಿದರೆ ಸಣ್ಣ ತಗ್ಗು ಹೋಗುತ್ತದೆ. ಅಂಚಿಗೆ ಮಾತ್ರ ವಾರ್ನಿಷ್ ಬೇಡ, ಸೆಕೆಗೆ ಮೆತ್ತಗಾದರೆ ಚರ್ಮಕ್ಕೆ ಅಂಟುತ್ತದೆ. ಹೊರಮೈಗೆ ಬೇಕಾದರೆ ಬಳಿದುಕೊಳ್ಳಿ. ಅಷ್ಟು ದಪ್ಪದ ಮರಕ್ಕೆ ಅದು ಹೆಚ್ಚುಕಡಿಮೆ ಅಲಂಕಾರವೇ. ಹಲಸಿಗೆ ಹೆಸರಾದ ಚೇಳೂರಿನ ಮರವೇ ಆಗಲಿ, ಹಸಿ ಮರವಾದರೆ ಒಣಗುತ್ತ ಮತ್ತೆ ಸೊಟ್ಟಗಾಗುತ್ತದೆ. ಬಿರುಕು ಬಿಟ್ಟ ಮರಕ್ಕಂತೂ ಹೀಗೆ ಉಜ್ಜುವುದು ಮದ್ದಲ್ಲ.