ಬಿಚ್ಚಲಿಕ್ಕೊಂದು ಗನ್ನು

ಎರಡು ಮಳೆಗಾಲದ ಹಿಂದೆ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಉಕ್ಕಿನಡ್ಕ ದಾಟಿ ಪೆರ್ಲದ ಕಡೆ ಬರುವಾಗ ನನ್ನ ಹಳೇ ಸ್ವಿಫ್ಟ್ ಪಂಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕಿ ಇತ್ತು, ಕಾರಿನ ಜೊತೆ ಬಂದ ವೀಲ್ ಸ್ಪ್ಯಾನರೂ ಇತ್ತು. ನಾಲ್ಕು ನಟ್‌ಗಳಲ್ಲಿ ಮೂರು ಬಂದವು. ನಾಲ್ಕನೆಯದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಸ್ಪ್ಯಾನರ್ ಮೇಲೆ ಹತ್ತಿ ನಿಂತೆ. ಅದು ಜಾರಿತು, ನಟ್‌ನ ಮೂಲೆ ಸವೆಯಿತು, ನಾನು ಚರಂಡಿಯಲ್ಲಿ ಕೂತೆ.

ಕೊನೆಗೆ ಫೋನು ಮಾಡಿದಾಗ ಬಂದದ್ದು ನಮ್ಮೂರಿನ ಟಯರಂಗಡಿಯ ಇಚ್ಚ. ಸ್ಪ್ಯಾನರ್‌ಗೆ ಮೂರಡಿ ಪೈಪು ತೂರಿಸಿ ಒಂದೇ ಸಲ ಒತ್ತಿದರು. ಕಿರ್ ಎಂದು ಬಂತು. "ಭಟ್ರೇ, ಇದನ್ನು ಯಾರೋ ಗನ್ನಿನಲ್ಲಿ ಬಿಗಿದು ಸಾಯಿಸಿದ್ದಾರೆ" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ತೂಕ 70 ಕಿಲೋ, ಸ್ಪ್ಯಾನರ್ ಸುಮಾರು ಒಂದಡಿ. ಹತ್ತಿ ನಿಂತರೆ ನಟ್ ಮೇಲೆ ಬೀಳುವ ತಿರುಚುಬಲ 200 ನ್ಯೂಟನ್ ಮೀಟರ್‌ನಷ್ಟು. ಕಾರಿನ ಪುಸ್ತಕದಲ್ಲಿ ಆ ನಟ್‌ಗೆ ಬರೆದದ್ದು ಬರೀ 85. ಅಂದರೆ ಬರೆದದ್ದರ ಎರಡು ಪಾಲಿಗಿಂತ ಜಾಸ್ತಿ ಬಲ ಬಿದ್ದರೂ ಅದು ಅಲ್ಲಾಡದೆ ಕೂತಿತ್ತು. ಅದರ ಮೇಲೆ ನಮ್ಮ ಊರಿನ ಮಳೆ, ಕೆಂಪು ಕೆಸರು, ತುಕ್ಕು. ಅವತ್ತೇ ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್, ಅಂದರೆ ನಟ್ ಬೋಲ್ಟ್ ಬಿಚ್ಚುವ ಯಂತ್ರ, ತರಬೇಕೆಂದು ತೀರ್ಮಾನ ಮಾಡಿದೆ. ಇಲ್ಲಿ ಎಲ್ಲರೂ ಅದನ್ನು ಗನ್ನು ಎಂದೇ ಹೇಳುವುದು, ನಾನೂ ಹಾಗೇ ಬರೆಯುತ್ತೇನೆ.

ಮೊದಲ ಗನ್ನು ಆನ್‌ಲೈನಿನಲ್ಲಿ ಬಂತು. ಮೂರು ಸಾವಿರ ಚಿಲ್ಲರೆ. ಡಬ್ಬದ ಮೇಲೆ 88 ವಿಎಫ್ ಎಂದು ದಪ್ಪ ಅಕ್ಷರ. ವಿಎಫ್ ಅಂದರೆ ವೋಲ್ಟ್ ಎಂದು ಅವರೆಲ್ಲೂ ಬರೆದಿರಲಿಲ್ಲ, ನಾನೇ ಹಾಗೆ ಓದಿಕೊಂಡದ್ದು. ಆಮೇಲೆ ಬ್ಯಾಟರಿ ಕೆಟ್ಟಾಗ ಬಿಚ್ಚಿ ನೋಡಿದೆ. (ಗೊತ್ತಿಲ್ಲದವರು ಇದನ್ನು ಮಾಡಬೇಡಿ, ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿಯೇ.) ಒಳಗೆ ಬೆರಳು ಗಾತ್ರದ 10 ಸೆಲ್. ಎರಡೆರಡು ಜೋಡಿ ಮಾಡಿ, ಅಂಥ ಐದು ಜೋಡಿ ಸಾಲಾಗಿ. ಒಂದು ಸೆಲ್ 3.6 ವೋಲ್ಟ್ ಆದರೆ ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ 21. ಒಳ್ಳೆಯ ಕಂಪನಿಗಳ 18 ವೋಲ್ಟ್, 20 ವೋಲ್ಟ್, ಈ 21 ವೋಲ್ಟ್ ಎಲ್ಲ ಇದೇ ಐದು ಸೆಲ್ಲಿನ ಸಾಲು. 88 ಎಲ್ಲಿಂದ ಬಂತೋ ದೇವರೇ ಬಲ್ಲ.

ಸುಮ್ನೆ ಬೈದರೆ ಅನ್ಯಾಯ ಆಗುತ್ತದೆ. 85ಕ್ಕೆ ಸರಿಯಾಗಿ ಬಿಗಿದ ವೀಲ್ ನಟ್ಟನ್ನು ಆ ಗನ್ನು ಎರಡು ಸೆಕೆಂಡಿನಲ್ಲಿ ಬಿಚ್ಚುತ್ತಿತ್ತು. ಟಯರ್ ಬದಲಿಸುವುದಷ್ಟೇ ಕೆಲಸ ಎಂದಾದರೆ ಅದೂ ನಡೆಯುತ್ತದೆ. ನನ್ನದು ಕೆಟ್ಟದ್ದು ಶಾಕ್ ಅಬ್ಸಾರ್ಬರ್ ಬಿಚ್ಚಲು ಹೋದಾಗ. ಕೆಳಗಿನ ತುಕ್ಕು ಹಿಡಿದ ಬೋಲ್ಟ್ ಮೇಲೆ ಟಕಟಕ ಹೊಡೆಯುತ್ತಾ ಹೊಡೆಯುತ್ತಾ ಬಿಸಿಯಾಯಿತು, ವಾಸನೆ ಬಂತು, ನಿಂತಿತು.

ಆಮೇಲೆ ಭಾವನ ಇಂಪ್ಯಾಕ್ಟ್ ಡ್ರೈವರ್ ತಂದು ನೋಡಿದೆ. ಅದು ಸ್ಕ್ರೂ ಹಾಕುವ ಸಣ್ಣ ಯಂತ್ರ, ಬಿಟ್ ಸಿಕ್ಕಿಸುವಲ್ಲಿ ಕಾಲಿಂಚಿನ ಆರು ಮೂಲೆಯ ಬಾಯಿ. ಅರ್ಧ ಇಂಚಿನ ಅಡಾಪ್ಟರ್ ಹಾಕಿ ವೀಲ್ ನಟ್ ಮೇಲೆ ಒತ್ತಿದೆ. ಅಡಾಪ್ಟರ್ ಮುರಿಯಿತು. ಭಾವ ಏನೂ ಹೇಳಲಿಲ್ಲ, ಯಂತ್ರ ಮಾತ್ರ ಅವತ್ತೇ ವಾಪಸು ತೆಗೆದುಕೊಂಡು ಹೋದ.

ಈ ಗನ್ನು ಕೆಲಸ ಮಾಡುವ ರೀತಿ ಗೊತ್ತಾದ ಮೇಲೆ ಆಯ್ಕೆ ಸುಲಭವಾಯಿತು. ಹಟ್ಟಿಯಲ್ಲಿ ನೆಲ ಕಚ್ಚಿದ ಗೂಟವನ್ನು ಎಳೆದರೆ ಬರುವುದಿಲ್ಲ, ನಾಲ್ಕು ಏಟು ಕುಟ್ಟಿದರೆ ಸಡಿಲವಾಗುತ್ತದೆ ಅಲ್ವಾ? ಇದೂ ಹಾಗೇ. ಮೋಟಾರ್ ಒಂದು ಭಾರದ ತುಂಡನ್ನು ತಿರುಗಿಸುತ್ತದೆ. ನಟ್ ಬಿಗಿ ಎನಿಸಿದ ಕೂಡಲೇ ಆ ಭಾರ ಸ್ಪ್ರಿಂಗ್ ಒತ್ತಿ ಹಿಂದೆ ಸರಿದು, ಬಿಟ್ಟು, ಬಾಯಿಯ ಹಿಂಬದಿಯಲ್ಲಿ ಕಿವಿಯಂತೆ ಚಾಚಿದ ತುಂಡಿಗೆ ಬಂದು ಹೊಡೆಯುತ್ತದೆ. ನಿಮಿಷಕ್ಕೆ ಸಾವಿರಗಟ್ಟಲೆ ಏಟು. ಏಟೆಲ್ಲ ನಟ್‌ಗೆ ಹೋಗುವುದರಿಂದ ನಮ್ಮ ಮಣಿಕಟ್ಟು ತಿರುಚುವುದಿಲ್ಲ. ತುಕ್ಕು ಒಡೆಯುವುದೂ ಆ ಏಟಿಗೇ.

ಮಂಗಳೂರಿಗೆ ಹೋಗಿ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದೆ. ಇದನ್ನು ಮಾತ್ರ ಆನ್‌ಲೈನಿನಲ್ಲಿ ಮಾಡಲಿಕ್ಕಾಗುವುದಿಲ್ಲ. ಮೊದಲು ಮಕಿಟಾದ 1000 ನ್ಯೂಟನ್ ಮೀಟರಿನ ಗನ್ನು ಕೊಟ್ಟರು. ಮೂರೂವರೆ ಕಿಲೋ ಹತ್ತಿರ. ಕೈ ಎತ್ತಿ ಹಿಡಿದು ಮನಸ್ಸಿನಲ್ಲೇ ಅರುವತ್ತರವರೆಗೆ ಎಣಿಸಲು ಹೊರಟೆ, ಮೂವತ್ತಕ್ಕೆ ಕೈ ನಡುಗಿತು. ಕಾರಿನಡಿ ಮಲಗಿ, ಮುಖದ ಮೇಲೆ ಹಿಡಿಯುವ ವಸ್ತು ಇದು. ಮೇಲಾಗಿ ಕಾರಿನ ಚಕ್ರದ ಹಿಂದೆ ಅಷ್ಟು ಉದ್ದದ ಯಂತ್ರ ಹೊಗುವುದೂ ಇಲ್ಲ. ಲಾರಿಯವರಿಗೆ ಇರಲಿ ಎಂದು ವಾಪಸು ಕೊಟ್ಟೆ.

ಮನೆಯಲ್ಲಿ ಅದೇ ಕಂಪನಿಯ 18 ವೋಲ್ಟಿನ ಡ್ರಿಲ್ ಇತ್ತು, 5 ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಸಮೇತ. ಹಾಗಾಗಿ ಕಂಪನಿ ಯಾವುದು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಗನ್ನಿಗಿಂತ ಬ್ಯಾಟರಿ, ಚಾರ್ಜರಿನ ಖರ್ಚೇ ಚುಚ್ಚುವುದು. ತೋಟ ಇರುವವರು ಇದನ್ನು ಇನ್ನೂ ಮುಂದಾಗಿ ಯೋಚಿಸಬೇಕು. ಅದೇ ಬ್ಯಾಟರಿಗೆ ಹುಲ್ಲು ಕತ್ತರಿಸುವ ಯಂತ್ರ, ಸಣ್ಣ ಗರಗಸ ಎಲ್ಲ ಸಿಗುತ್ತವೆ. ನಿಮ್ಮಲ್ಲಿ ಬಾಷ್‌ನ ಬ್ಯಾಟರಿ ಇದ್ದರೆ ಬಾಷ್‌ನದ್ದನ್ನೇ ನೋಡಿ, ಡಿವಾಲ್ಟ್ ಇದ್ದರೆ ಡಿವಾಲ್ಟ್. ಮಧ್ಯಮ ಗಾತ್ರದ ಗನ್ನುಗಳಲ್ಲಿ ಇವರೊಳಗೆ ನನ್ನಂಥವನಿಗೆ ತಿಳಿಯುವಷ್ಟು ವ್ಯತ್ಯಾಸ ಇಲ್ಲ.

ಉಳಿದದ್ದು ಮೂರು. 190 ನ್ಯೂಟನ್ ಮೀಟರಿನದ್ದು, 280ರದ್ದು, 330ರದ್ದು. ಮೊದಲನೆಯದು ಅಗ್ಗ, ಆದರೆ ಕಾರ್ಬನ್ ಬ್ರಶ್ ಇರುವ ಹಳೇ ನಮೂನೆಯ ಮೋಟಾರ್. ನನ್ನನ್ನು ಚರಂಡಿಗೆ ಕೆಡವಿದ ನಟ್ 200ಕ್ಕೂ ಜಗ್ಗಿರಲಿಲ್ಲ ಎಂಬುದು ನೆನಪಿತ್ತು, ಬೇಡ ಎಂದೆ. 330ರ ಡಬ್ಬದಲ್ಲಿ 580 ಎಂಬ ಇನ್ನೊಂದು ಸಂಖ್ಯೆಯೂ ಇತ್ತು. ಚಿಕ್ಕದು ಬಿಗಿಯುವ ಬಲ, ದೊಡ್ಡದು ಬಿಗಿದದ್ದನ್ನು ಬಿಚ್ಚುವ ಬಲ. ಎರಡು ಕಂಪನಿಯದ್ದನ್ನು ಹೋಲಿಸುವಾಗ ಒಂದರ ಚಿಕ್ಕ ಸಂಖ್ಯೆಗೆ ಇನ್ನೊಂದರ ದೊಡ್ಡ ಸಂಖ್ಯೆ ಇಟ್ಟು ಮೋಸ ಹೋಗಬೇಡಿ. ನಾನು ಈ 330ರದ್ದನ್ನೇ ತಂದೆ, ಡಿಟಿಡಬ್ಲ್ಯು 300 ಎಂಬ ಮಾಡೆಲ್. ಬ್ರಶ್‌ಲೆಸ್ ಮೋಟಾರ್, ಅರ್ಧ ಇಂಚಿನ ಚೌಕ ಬಾಯಿ. ನಟ್ ಮೇಲೆ ಕೂರುವ ಬಟ್ಟಲನ್ನು, ಅಂದರೆ ಸಾಕೆಟ್ಟನ್ನು, ಹಿಡಿದುಕೊಳ್ಳಲು ಬಾಯಿಗೆ ಉಂಗುರ ಇರುವುದನ್ನು ಕೇಳಿ ತಂದೆ. ಪಿನ್ ಇರುವುದಾದರೆ ಸಾಕೆಟ್ ತೆಗೆಯಲು ಪ್ರತಿ ಸಲ ಮೊಳೆಯಿಂದ ಕುತ್ತಬೇಕು, ಗ್ರೀಸ್ ಕೈಯಲ್ಲಿ ಅದು ರಗಳೆ.

ಸಾಕೆಟ್ ಬೇರೆಯೇ ತೆಗೆದುಕೊಳ್ಳಬೇಕಾಯಿತು. ಕೈಯಿಂದ ತಿರುಗಿಸುವ ಹೊಳೆಯುವ ಸಾಕೆಟ್ ಗಡಸು, ಏಟಿಗೆ ಗಾಜಿನ ಹಾಗೆ ಸಿಡಿಯಬಹುದು. ಗನ್ನಿಗೆ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ನನಗೆ ಹೆಚ್ಚು ಬೇಕಾಗುವುದು 17 ಮತ್ತು 19 ಮಿಲಿಮೀಟರಿನದ್ದು.

ಶಾಕ್ ಅಬ್ಸಾರ್ಬರಿನ ಅದೇ ಬೋಲ್ಟಿಗೆ ಮತ್ತೆ ಹೋದೆ. ನಮ್ಮಲ್ಲಿ ಈ ಕೆಲಸಕ್ಕೆ ಮಳೆಗಾಲವೇ ಗತಿ. ಬೇಸಿಗೆಯಲ್ಲಿ ಅಂಗಳ ತುಂಬ ಅಡಿಕೆ, ಕಾರಿಗೆ ಜಾಗ ಎಲ್ಲಿ? ಹಿಂದಿನ ರಾತ್ರಿ ವಯರ್ ಬ್ರಶ್ಶಿನಲ್ಲಿ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆ. ಬೆಳಗ್ಗೆ ಹತ್ತಿಂಚಿನ ಎಕ್ಸ್‌ಟೆನ್ಷನ್ ಸಲಾಕೆ, ಅದರ ತುದಿಗೆ ಬಾಗುವ ಜಾಯಿಂಟ್ ಹಾಕಿ ಹೊಡೆದರೆ ಅಲ್ಲಾಡಲೇ ಇಲ್ಲ. ಎದೆ ಧಸಕ್ಕೆಂದಿತು, ಇಷ್ಟು ದುಡ್ಡು ಸುರಿದು! ಆಮೇಲೆ ಎರಡನ್ನೂ ತೆಗೆದು, ಸಾಕೆಟ್ಟನ್ನು ನೇರ ಗನ್ನಿಗೇ ಹಾಕಿ, ಮೊದಲು ಒಂದು ಕ್ಷಣ ಬಿಗಿಯುವ ಕಡೆ ಹೊಡೆದು, ಮತ್ತೆ ಬಿಚ್ಚುವ ಕಡೆ ಒತ್ತಿದೆ. ನಾಲ್ಕೈದು ಸೆಕೆಂಡು. ಬಂತು. ಸಲಾಕೆ ಉದ್ದವಾದಷ್ಟೂ ಅದೇ ತಿರುಚಿಕೊಂಡು ಏಟನ್ನು ನುಂಗುತ್ತದೆ. ಡಬ್ಬದಲ್ಲಿ ಬರೆದ 580 ನಟ್‌ವರೆಗೆ ತಲುಪುವುದೇ ಇಲ್ಲ.

ಒಳಗಿಂದ ಅಮ್ಮ, "ಎಂತ ಅದು, ಪಟಾಕಿಯಾ?" ಎಂದು ಕೇಳಿದರು. ಶಬ್ದ ಜಾಸ್ತಿಯೇ. ಕಿವಿಗೆ ಏನಾದರೂ ಇಟ್ಟುಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತುಕ್ಕಿನ ಪುಡಿ ನೇರ ಮುಖಕ್ಕೇ ಬರುವುದು. ಕಾರಿನ ಜೊತೆ ಬರುವ ಕತ್ತರಿ ಜಾಕಿಯ ಮೇಲೆ ಕಾರು ನಿಲ್ಲಿಸಿ ಗನ್ನು ಹೊಡೆಯಲೇಬಾರದು, ನಡುಕಕ್ಕೆ ಜಾರುತ್ತದೆ. ನಾನು ಹಲಗೆ ಹಾಸಿ ಅದರ ಮೇಲೆ ಕಾರು ಹೊರುವ ಸ್ಟ್ಯಾಂಡ್ ಇಡುತ್ತೇನೆ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೊಸ ಗನ್ನಿನ ಅಮಲಿನಲ್ಲಿ ತಂಗಿಯ ಕಾರಿನ ಚಕ್ರ ಹಾಕುವಾಗ ನಟ್ಟನ್ನು ಕೈಯಿಂದ ಹಿಡಿಸದೆ ಸಾಕೆಟ್ಟಿನಲ್ಲೇ ಇಟ್ಟು ಬಿಟ್ಟೆ. ಓರೆ ಕೂತಿತ್ತು. ಗನ್ನಿಗೆ ಅದು ಗೊತ್ತಾಗುವುದಿಲ್ಲ, ಅದು ಹೊಡೆಯಿತು. ನಟ್ ಕೂರುವ ಸ್ಟಡ್ಡೇ ತುಂಡಾಗಿ ಕೈಗೆ ಬಂತು. ಅವತ್ತಿನಿಂದ ಗನ್ನು ಬಿಚ್ಚಲಿಕ್ಕೆ ಮಾತ್ರ. ಹಾಕುವಾಗ ನಟ್ಟನ್ನು ಬೆರಳಿನಲ್ಲಿ ಐದಾರು ಸುತ್ತು ತಿರುಗಿಸಿ, ಸ್ಪ್ಯಾನರಿನಲ್ಲಿ ಎದುರುಬದುರಾಗಿ ಕೂರಿಸಿ, ಕಾರು ನೆಲಕ್ಕಿಳಿಸಿ, ಟಾರ್ಕ್ ರೆಂಚಿನಲ್ಲಿ (ಇಟ್ಟ ಬಲ ಮುಟ್ಟಿದ ಕೂಡಲೇ ಸದ್ದು ಮಾಡುವ ಸ್ಪ್ಯಾನರ್) 85ಕ್ಕೆ ಕಟ್ ಎನಿಸುತ್ತೇನೆ. ಇಂಜಿನ್ ಆಯಿಲ್ಲಿನ ಡ್ರೈನ್ ಬೋಲ್ಟ್, ಸ್ಪಾರ್ಕ್ ಪ್ಲಗ್ ಹತ್ತಿರ ಗನ್ನು ತರುವುದೇ ಇಲ್ಲ. ಅಲ್ಲಿನ ಥ್ರೆಡ್ ಹೋದರೆ ಗನ್ನಿನ ಬೆಲೆಯನ್ನು ಇನ್ನೊಮ್ಮೆ ಕೊಟ್ಟ ಹಾಗೆ.

ಮೊನ್ನೆ ಹೊಸ ಟಯರ್ ಹಾಕಿಸಲು ಇಚ್ಚನಲ್ಲಿಗೆ ಹೋಗಿದ್ದೆ. ಅವರ ಹುಡುಗ ಗಾಳಿಯ ಗನ್ನು ಎತ್ತಿದ. ಇಚ್ಚ ಅವನಿಗೆ ಮಲಯಾಳದಲ್ಲಿ ಏನೋ ಹೇಳಿ ನಕ್ಕರು, ಹುಡುಗ ಗನ್ನು ಕೆಳಗಿಟ್ಟ. ನಾನು ಡಿಕ್ಕಿಯಿಂದ ಟಾರ್ಕ್ ರೆಂಚ್ ತೆಗೆದೆ.